ಮಂಡಿಚಿಪ್ಪಿನ ಮೇಲೆ ಊತ, ನೀಲಿ ಟೇಪು ಅಂಟಿಸಿದ್ದಾರೆ: ಇದರಿಂದ ಏನಾದ್ರೂ ಆಗುತ್ತಾ?

ಮೂಡಿಗೆರೆ_ಮೆಣಸು:
ಎಲ್ಲರಿಗೂ ನಮಸ್ಕಾರ. ವಯಸ್ಸು 46. ಐದೆಕರೆ ತೋಟ, ಕಾಫಿ ಜೊತೆ ಕಾಳುಮೆಣಸು. ಈ ವರ್ಷ ಮೆಣಸು ಕೊಯ್ಯೋಕೆ ಆಳು ಸಿಗಲಿಲ್ಲ, ನಾನೇ ಏಣಿ ಹತ್ತಿದೆ. ಸಿಲ್ವರ್ ಓಕ್ ಮರಕ್ಕೆ ಏಣಿ ಒರಗಿಸಿ ಎರಡೂ ಕೈಯಲ್ಲಿ ಕೊಯ್ಯಬೇಕಾದರೆ ಮೈಯನ್ನು ಹಿಡಿದಿಡೋದು ಮಂಡಿ. ಬಲಮಂಡಿಯನ್ನು ಏಣಿಮೆಟ್ಟಿಲಿಗೆ ಒತ್ತಿಕೊಂಡೇ ನಿಲ್ಲಬೇಕು. ಹನ್ನೆರಡು ದಿನ ಹೀಗೇ ನಡೀತು. ಹದಿಮೂರನೇ ದಿನ ಎದ್ದು ನೋಡಿದರೆ ಚಿಪ್ಪಿನ ಮೇಲೆ ನಿಂಬೆಹಣ್ಣಿನಷ್ಟು ಊತ. ಬೆರಳಲ್ಲಿ ಒತ್ತಿದರೆ ನೀರು ತುಂಬಿದ ಬಲೂನಿನ ಹಾಗೆ ಅತ್ತಿತ್ತ ಸರಿಯುತ್ತೆ.

ಡಾಕ್ಟರು ನೋಡಿ ಪ್ರೀಪಟೆಲ್ಲಾರ್ ಬರ್ಸೈಟಿಸ್, ಅಂದ್ರೆ ಚಿಪ್ಪಿನ ಮೇಲಿರೋ ಬರ್ಸಾ ಅನ್ನೋ ದ್ರವದ ಚೀಲ ಊದಿದೆ ಅಂದರು. ಐದು ದಿನದ ಮಾತ್ರೆ ಕೊಟ್ಟು, ಏಣಿ ಹತ್ತಬೇಡಿ ಅಂದರು. ಅಲ್ಲಿಂದ ಬರ್ತಾ ಒಂದು ಕ್ಲಿನಿಕ್ಕಿಗೆ ಹೋದೆ, ಅಲ್ಲಿದ್ದ ಹುಡುಗ ನೀಲಿ ಟೇಪು ಹಾಕಿದ, ಆಟಗಾರರು ಮೈಗೆ ಅಂಟಿಸಿಕೊಳ್ಳೋ, ಎಳೆದರೆ ಹಿಗ್ಗುವ ಬಟ್ಟೆಯ ಕಿನೀಸಿಯೊ ಟೇಪು. ಎರಡು ಕಡೆಯಿಂದ ನಾಲ್ಕು ನಾಲ್ಕು ಸೀಳು, ಮಂಡಿ ಮೇಲೆ ಜೇಡ ಕೂತ ಹಾಗೆ. ಎರಡು ದಿನ ಹಾಯಾಗಿತ್ತು. ಮೂರನೇ ದಿನ ತುರಿಕೆ. ಕಿತ್ತು ನೋಡಿದರೆ ಟೇಪಿನ ತುದಿ ಇದ್ದ ಜಾಗದಲ್ಲಿ ಸಣ್ಣ ಸಣ್ಣ ಗುಳ್ಳೆ.

ಹಾಯೆನಿಸಿದ್ದು ಟೇಪಿನಿಂದಲೋ ಮಾತ್ರೆಯಿಂದಲೋ? ಮತ್ತೆ ಹಾಕಿಸಬಹುದಾ? ಇನ್ನೊಂದು ವಿಷಯ, ತೋಟದ ಇಳಿಜಾರಿನಲ್ಲಿ ಇಳಿಯುವಾಗ ಚಿಪ್ಪಿನ ಕೆಳತುದಿಯಲ್ಲಿ ಸೂಜಿ ಚುಚ್ಚಿದಂಥ ನೋವು. ಅದು ಈ ಊತಕ್ಕಿಂತ ಹಳೇದು, ಹೋದ ವರ್ಷದಿಂದ ಇದೆ. ಎರಡೂ ಒಂದೇನಾ?

ಇಂಬಳ:
ನೀಲಿ ಆಗಿಬರಲಿಲ್ಲ ಅಂದ್ರೆ ಗುಲಾಬಿ ಹಾಕಿಸಿ ಸಾರ್. ನಮ್ಮ ಜಿಮ್ಮಿನವನು ಗುಲಾಬಿ ಬಣ್ಣದ್ದು ರಕ್ತ ಓಡಿಸುತ್ತೆ ಅಂತಾನೆ.

ಹಾಸನದ_ಫಿಸಿಯೊ:
ಬಣ್ಣಕ್ಕೂ ಗುಣಕ್ಕೂ ಸಂಬಂಧ ಇಲ್ಲ. ಎಲ್ಲಾ ಬಣ್ಣದ್ದೂ ಅದೇ ಬಟ್ಟೆ, ಅದೇ ಅಂಟು.

ಮೆಣಸಿನವರೇ, ಟೇಪಿನ ಮಾತು ಆಮೇಲೆ. ಊತದ ಮೇಲಿನ ಚರ್ಮ ಕೆಂಪಾಗಿದೆಯಾ? ಅಂಗೈ ಹಿಂಭಾಗ ಇಟ್ಟು ನೋಡಿದರೆ ಎಡಮಂಡಿಗಿಂತ ಬಿಸಿ ಇದೆಯಾ? ಜ್ವರ, ಚಳಿ? ಶುಗರ್ ಇದೆಯಾ? ಮಂಡಿ ಮೇಲೆ ತರಚಿದ ಗಾಯ ಇದೆಯಾ?

ಮೂಡಿಗೆರೆ_ಮೆಣಸು:
ಕೆಂಪು ಇಲ್ಲ. ಬಿಸಿ ಸ್ವಲ್ಪ ಇತ್ತು, ಈಗಿಲ್ಲ. ಜ್ವರ ಇಲ್ಲ. ಶುಗರ್ ಇಲ್ಲ, ಕಳೆದ ತಿಂಗಳು ನೋಡಿಸಿದ್ದೆ. ತರಚಿದ ಗಾಯ ಇತ್ತು, ಒಣಗಿದೆ.

ಟೈಲ್ಸ್_ಕೆಲಸದವ:
ಆ ತರಚಿದ ಗಾಯನ ಹಗುರವಾಗಿ ತಗೋಬೇಡಿ ಅಣ್ಣ. ನಾನು ಅರಸೀಕೆರೆ ಕಡೆಯವನು, ಹದಿನಾರು ವರ್ಷದಿಂದ ಟೈಲ್ಸ್ ಹಾಕ್ತಾ ಇದೀನಿ. ದಿನಾ ಆರೇಳು ಗಂಟೆ ಮಂಡಿಯೂರಿಯೇ ಕೆಲಸ. ನಂಗೂ ನಿಮ್ ತರಾನೇ ಊತ ಬಂತು, ನೋವಿರಲಿಲ್ಲ, ಬಿಟ್ಟೆ. ಒಂದಿನ ಟೈಲ್ಸ್ ಚೂರು ಚುಚ್ಚಿ ಕಡ್ಲೆಕಾಳಿನಷ್ಟು ಗಾಯ ಆಯ್ತು. ಮೊಬೈಲಲ್ಲಿ ನೋಡ್ಕೊಂಡು ನಾನೇ ಟೇಪು ತಂದು ಗಾಯ ಊತ ಎಲ್ಲಾ ಸೇರಿಸಿ ಅಂಟಿಸಿದೆ. ಮಾರನೇ ದಿನ ಸಂಜೆ ಹೊತ್ತಿಗೆ ಟೇಪಿನಡಿ ಕಾದ ಹೆಂಚು ಇಟ್ಟಂಗೆ ಉರಿ. ರಾತ್ರಿ ಚಳಿ ಜ್ವರ. ಟೇಪು ಬಿಚ್ಚಿದ್ರೆ ಮಂಡಿ ಇಡೀ ಕೆಂಪು, ತೊಡೆವರೆಗೂ ಗೆರೆ.

ಆಸ್ಪತ್ರೇಲಿ ಸಿರಿಂಜಲ್ಲಿ ತೆಗೆದಾಗ ಬಂದದ್ದು ನೀರಲ್ಲ, ಮೊಸರಿನಂಥ ಕೀವು. ಆರು ದಿನ ಮಲಗಿದ್ದೆ, ನರಕ್ಕೆ ಇಂಜೆಕ್ಷನ್. ಟೇಪು ಹಾಕ್ದೇ ಇದ್ದಿದ್ರೆ ಕೆಂಪಾಗೋದು ಒಂದು ದಿನ ಮುಂಚೆ ಕಣ್ಣಿಗೆ ಬೀಳ್ತಿತ್ತು ಅಂತ ಡಾಕ್ಟರು ಬೈದ್ರು. ನಮ್ ಮೇಸ್ತ್ರಿ ಆಸ್ಪತ್ರೆ ಖರ್ಚು ಕೊಡ್ಲಿಲ್ಲ, ಅದು ಬೇರೆ ಕಥೆ.

ಹಾಸನದ_ಫಿಸಿಯೊ:
ಇವರು ಬರೆದಿರೋದನ್ನ ಎಲ್ಲರೂ ಎರಡು ಸಲ ಓದಿ. ಚಿಪ್ಪಿನ ಮೇಲಿನ ಬರ್ಸಾ ಚರ್ಮದ ಕೆಳಗೇ ಇರೋದರಿಂದ ತರಚಿದ ಗಾಯದಿಂದ ಸೋಂಕು ಒಳಗಿಳಿಯೋದು ಬಹಳ ಸುಲಭ. ಹೆಚ್ಚಿನ ಸಲ ಕಾರಣ ಸ್ಟ್ಯಾಫಿಲೊಕಾಕಸ್ ಆರಿಯಸ್, ನಮ್ಮ ಚರ್ಮದ ಮೇಲೇ ಕೂತಿರುವ ಬ್ಯಾಕ್ಟೀರಿಯಾ. ಕೆಂಪು, ಬಿಸಿ, ಜ್ವರ ಇದ್ದರೆ ಟೇಪೂ ಬೇಡ, ಉಜ್ಜೋದೂ ಬೇಡ, ಆವತ್ತೇ ಡಾಕ್ಟರ ಹತ್ತಿರ ಹೋಗಬೇಕು. ಯೂರಿಕ್ ಆಸಿಡ್ ಹೆಚ್ಚಿರುವವರಿಗೆ ಗೌಟ್ ಅನ್ನೋ ಕೀಲುಬೇನೆಯಿಂದಲೂ ಇದೇ ಜಾಗ ಊದಿಕೊಳ್ಳುತ್ತೆ. ಹಾಗಾಗಿ ಅನುಮಾನ ಇದ್ದಾಗ ದ್ರವ ತೆಗೆದು ಲ್ಯಾಬಿಗೆ ಕಳಿಸುತ್ತಾರೆ.

ಈಗ ನಿಮ್ಮ ಪ್ರಶ್ನೆ. ಬರ್ಸಾ ಅಂದರೆ ತೆಳ್ಳನೆಯ ಚೀಲ, ಒಳಗೆ ಜಾರುವಂಥ ದ್ರವ ಒಂಚೂರು. ಚರ್ಮ ಮೂಳೆಗೆ, ಟೆಂಡನ್ (ಸ್ನಾಯುವನ್ನ ಮೂಳೆಗೆ ಕಟ್ಟುವ ಪಟ್ಟಿ) ಮೂಳೆಗೆ ಉಜ್ಜದಿರಲಿ ಅಂತ ದೇಹ ಮಾಡಿಕೊಂಡ ವ್ಯವಸ್ಥೆ. ಒಂದೊಂದು ಮಂಡಿಯ ಸುತ್ತ ಇಂಥವು ಹತ್ತಕ್ಕಿಂತ ಹೆಚ್ಚು. ನಿಮ್ಮದು ಚಿಪ್ಪಿನ ಮೇಲಿರೋದು, ಕೀಲಿನ ಹೊರಗೆ. ಅದಕ್ಕೇ ಇಷ್ಟು ಊತ ಇದ್ದರೂ ಕಾಲು ಮಡಚಿ ನೀಡೋಕೆ ಅಷ್ಟೊಂದು ಕಷ್ಟ ಆಗಿರಲಿಕ್ಕಿಲ್ಲ. ಇಂಗ್ಲಿಷಿನವರು ಇದಕ್ಕೆ ಮನೆಗೆಲಸದವಳ ಮಂಡಿ ಅಂತ ಹೆಸರಿಟ್ಟರು, ನೆಲ ಉಜ್ಜುವವರಿಗೆ ಬರುತ್ತೆ ಅಂತ. ಚಿಪ್ಪಿನ ಕೆಳಗಿನ ಬರ್ಸಾ ಊದಿದರೆ ಪಾದ್ರಿ ಮಂಡಿ. ನಿಮ್ಮದಕ್ಕೆ ಮೆಣಸಿನ ಮಂಡಿ ಅನ್ನಬಹುದು.

ಇಂಬಳ:
ಮೆಣಸಿನ ಮಂಡಿ ಅಂತ ಕಂಡು ವ್ಯಾಪಾರದ ಸುದ್ದಿ ಅಂದ್ಕೊಂಡು ಓಡಿ ಬಂದೆ ಮಾರಾಯ್ರೆ. ಇವತ್ತು ಕೆಜಿಗೆ ಎಷ್ಟು?

ಹಾಸನದ_ಫಿಸಿಯೊ:
😄 ಮುಂದುವರಿಸ್ತೀನಿ. ಚಿಪ್ಪಿನ ಕೆಳತುದಿಯ ಸೂಜಿ ನೋವು ಬೇರೆ. ಚಿಪ್ಪಿನಿಂದ ಮಂಡಿ ಕೆಳಗಿನ ಕಾಲೆಲುಬಿಗೆ ಇಳಿಯುವ ದಪ್ಪ ಪಟ್ಟಿ ಇದೆಯಲ್ಲ, ಪಟೆಲ್ಲಾರ್ ಟೆಂಡನ್, ಅದರ ಮೇಲ್ತುದಿಯ ನೋವು ಇದ್ದೀತು. ನೋಡದೆ ಖಚಿತವಾಗಿ ಹೇಳಲಾರೆ. ಒಂದು ಬೆರಳಲ್ಲಿ ತೋರಿಸುವಂಥ ನೋವು, ಇಳಿಜಾರಲ್ಲಿ, ಕುಕ್ಕರಗಾಲಲ್ಲಿ ಕೂತು ಏಳುವಾಗ ಜಾಸ್ತಿ ಅಂದರೆ ಸಾಮಾನ್ಯವಾಗಿ ಅದೇ. ಬರ್ಸಾಕ್ಕೆ ಬೇಕಿರೋದು ಒತ್ತಡ ತಪ್ಪಿಸೋದು. ಟೆಂಡನ್‌ಗೆ ಬೇಕಿರೋದು ಅಳತೆಯ ಭಾರ. ಒಂದೇ ಟೇಪಿನಲ್ಲಿ ಎರಡನ್ನೂ ವಾಸಿ ಮಾಡ್ತೀನಿ ಅನ್ನುವವರನ್ನ ನಂಬಬೇಡಿ.

ನಿಮಗೆ ಹಾಕಿದ್ದಕ್ಕೆ ಫ್ಯಾನ್ ಕಟ್ ಅಂತಾರೆ. ಬುಡ ಊತದಿಂದ ಮೇಲೆ ತೊಡೆ ಕಡೆ, ಸೀಳಿದ ಬಾಲಗಳು ಊತದ ಮೇಲೆ ಹರಡಿ, ಎರಡು ಕಡೆಯವೂ ಜಾಲರಿಯ ಹಾಗೆ ಒಂದರ ಮೇಲೊಂದು ಬರಬೇಕು. ಮಂಡಿ ಮಡಚಿಟ್ಟು ಹಾಕಬೇಕು. ಎಳೆತ ಬರೀ 10–15 ಶೇಕಡ. ಅಂದರೆ ಎಳೆಯೋದೇ ಬೇಡ, ಕಾಗದದ ಮೇಲೆ ಟೇಪು ಬರೋದೇ ಅಷ್ಟು ಎಳೆದುಕೊಂಡು. ಎರಡೂ ತುದಿಯ ಮೂರು ನಾಲ್ಕು ಸೆಂಟಿಮೀಟರಿಗೆ ಎಳೆತ ಸೊನ್ನೆ. ಆ ಹುಡುಗ ತಪ್ಪಿದ್ದು ಅಲ್ಲೇ. ತುದಿಯನ್ನ ಎಳೆದು ಅಂಟಿಸಿದರೆ ಟೇಪು ವಾಪಸ್ ಕುಗ್ಗೋಕೆ ನೋಡುತ್ತೆ, ಜೊತೆಗೆ ಚರ್ಮವನ್ನೂ ಜಗ್ಗುತ್ತೆ. ಗುಳ್ಳೆ ತುದಿಗಳಲ್ಲಿ ಮಾತ್ರ ಇದ್ದರೆ ಎಳೆತದ ತಪ್ಪು. ಟೇಪಿನ ಅಚ್ಚು ಇಟ್ಟ ಹಾಗೆ ಇಡೀ ಪಟ್ಟಿ ಕೆಂಪಾಗಿ ತುರಿಸಿದರೆ ಅಂಟಿಗೇ ಅಲರ್ಜಿ, ಅಂಥವರು ಮತ್ತೆ ಹಾಕಬಾರದು.

ಮೂಡಿಗೆರೆ_ಮೆಣಸು:
ತುದಿಗಳಲ್ಲಿ ಮಾತ್ರ. ಹಾಗಾದ್ರೆ ಟೇಪಿಂದ ಊತ ಇಳಿಯುತ್ತೆ ಅಂತಾಯ್ತಲ್ಲ?

ಹಾಸನದ_ಫಿಸಿಯೊ:
ಹಾಗಂತ ನಾನು ಹೇಳಲಿಲ್ಲ. ಟೇಪು ಚರ್ಮವನ್ನು ಸ್ವಲ್ಪ ಎತ್ತಿ ಹಿಡಿಯುತ್ತೆ, ಕೆಳಗೆ ಜಾಗ ಆಗಿ ದ್ರವ ಹರಿದು ಹೋಗುತ್ತೆ ಅಂತ ಟೇಪು ಮಾಡಿದವರ ವಿವರಣೆ. ಕೇಳೋಕೆ ಚೆನ್ನಾಗಿದೆ. ಪುರಾವೆ ಮಾತ್ರ ತೆಳು. ಒಂದು ಗುಂಪಿಗೆ ನಿಯಮದ ಪ್ರಕಾರ ಟೇಪು, ಇನ್ನೊಂದು ಗುಂಪಿಗೆ ಎಳೆತವೇ ಇಲ್ಲದ ಸುಳ್ಳು ಟೇಪು ಹಾಕಿ ಹೋಲಿಸಿದ ಅಧ್ಯಯನಗಳು ಬೇಕಾದಷ್ಟು ಬಂದಿವೆ. ಒಟ್ಟಿಗೆ ಇಟ್ಟು ನೋಡಿದರೆ ಎರಡಕ್ಕೂ ಇರುವ ವ್ಯತ್ಯಾಸ ಸಣ್ಣದು, ಹಲವು ಸಲ ಇಲ್ಲವೇ ಇಲ್ಲ. ಕೆಲವು ದಿನ ನೋವು ಕಡಿಮೆ ಅನ್ನಿಸೋದು ಮಾತ್ರ ನಿಜ.

ಔಷಧಿ_ಅಂಗಡಿ_ಕಡೂರು:
ಹಾಗಿದ್ರೆ ನೇರವಾಗಿ ಕೇಳ್ತೀನಿ, ಬೇಜಾರಾಗಬೇಡಿ. ಸುಳ್ಳು ಟೇಪಿಗೂ ನಿಜ ಟೇಪಿಗೂ ವ್ಯತ್ಯಾಸ ಇಲ್ಲ ಅಂತ ಗೊತ್ತಿದ್ದೂ ನೀವು ರೋಗಿಗಳಿಗೆ ಯಾಕೆ ಹಾಕ್ತೀರಿ? ನನ್ನ ಅಂಗಡೀಲಿ ತಿಂಗಳಿಗೆ ಇಪ್ಪತ್ತು ಸುರುಳಿ ಹೋಗುತ್ತೆ, ಲಾಭ ನನಗೂ ಇದೆ. ಆದ್ರೂ ಕೇಳ್ತಾ ಇದೀನಿ.

ಹಾಸನದ_ಫಿಸಿಯೊ:
ನ್ಯಾಯವಾದ ಪ್ರಶ್ನೆ. ನಾನು ಹತ್ತು ಜನರಲ್ಲಿ ಇಬ್ಬರಿಗೋ ಮೂವರಿಗೋ ಹಾಕ್ತೀನಿ. ನೋವಿಗೆ ಹೆದರಿ ಕಾಲು ಮಡಚದೇ ಇರುವವರು ಇರ್ತಾರೆ. ಅಂಥವರಿಗೆ ಚರ್ಮದ ಮೇಲೆ ಏನೋ ಹಿಡಿದುಕೊಂಡಿದೆ ಅನ್ನಿಸಿದರೆ ಕಾಲು ಅಲ್ಲಾಡಿಸೋ ಧೈರ್ಯ ಬರುತ್ತೆ, ವ್ಯಾಯಾಮ ಶುರು ಮಾಡ್ತಾರೆ. ವಾಸಿ ಮಾಡೋದು ವ್ಯಾಯಾಮ. ಟೇಪು ಹಾಕುವಾಗಲೇ ಇದನ್ನ ಹೇಳ್ತೀನಿ, ಮುಚ್ಚಿಡಲ್ಲ. ಹೇಳಿದ ಮೇಲೂ ಹಾಕಿ ಅಂದರೆ ಹಾಕ್ತೀನಿ. ಟೇಪು ಹಾಕಿಸಿಕೊಂಡು ದುಡ್ಡು ಕೊಟ್ಟು ವ್ಯಾಯಾಮ ಮಾಡದೆ ವಾರ ವಾರ ಬರುವವರೂ ಇದ್ದಾರೆ, ಅವರಿಗೆ ನಾನೇ ನಿಲ್ಲಿಸ್ತೀನಿ. ಈ ಮಾತಿಗೆ ನಮ್ಮ ವೃತ್ತಿಯವರಲ್ಲೇ ಕೆಲವರಿಗೆ ನನ್ನ ಮೇಲೆ ಮುನಿಸು.

ಔಷಧಿ_ಅಂಗಡಿ_ಕಡೂರು:
ಒಪ್ಪಿದೆ. ಹಾಗಾದ್ರೆ ಕೊಳ್ಳುವವರಿಗೆ ನನ್ನ ಕಡೆಯಿಂದ ಎರಡು ಮಾತು. ಸುರುಳಿ ಸಾಮಾನ್ಯವಾಗಿ 5 ಸೆಂಟಿಮೀಟರ್ ಅಗಲ, 5 ಮೀಟರ್ ಉದ್ದ. ಮಂಡಿಗೆ 25 ಸೆಂಟಿಮೀಟರಿನ ಎರಡು ಮೂರು ಪಟ್ಟಿ ಅಂದ್ರೆ ಒಂದು ಸುರುಳಿ ಆರರಿಂದ ಹತ್ತು ಸಲಕ್ಕೆ ಬರುತ್ತೆ. ಮೂಲೆಗಳನ್ನ ಕತ್ತರಿಯಲ್ಲಿ ದುಂಡಗೆ ಕತ್ತರಿಸಿ, ಚೌಕ ಮೂಲೆ ಪ್ಯಾಂಟಿಗೆ ಸಿಕ್ಕಿ ಮೊದಲು ಏಳೋದು ಅದೇ. ಅಂಟಿಸಿದ ಮೇಲೆ ಅಂಗೈಯಲ್ಲಿ ಉಜ್ಜಿ, ಆ ಬಿಸಿಗೇ ಅಂಟು ಹಿಡಿಯೋದು. ಸ್ನಾನಕ್ಕೋ ಬೆವರುವ ಕೆಲಸಕ್ಕೋ ಒಂದು ಗಂಟೆ ಮುಂಚೆ ಹಾಕಿ. ಮೂರರಿಂದ ಐದು ದಿನ ಇರಬೇಕು.

ಟೇಪು ನಿಲ್ಲೋದೇ ಇಲ್ಲ ಅಂತ ವಾಪಸ್ ತರುವವರನ್ನ ನಾನು ಕೇಳೋದು ಒಂದೇ: ಎಣ್ಣೆಸ್ನಾನ ಯಾವತ್ತು? ಶನಿವಾರ ಮೈಗೆಲ್ಲಾ ಎಣ್ಣೆ ತಿಕ್ಕಿ ಭಾನುವಾರ ಟೇಪು ಹಾಕಿದರೆ ಯಾವ ಕಂಪನಿಯದ್ದೂ ನಿಲ್ಲಲ್ಲ. ಅದೇ ಎಣ್ಣೆ ತೆಗೆಯುವಾಗ ಉಪಯೋಗ. ಕೊಬ್ಬರಿ ಎಣ್ಣೆ ಸವರಿ ಹತ್ತು ನಿಮಿಷ ಬಿಟ್ಟು, ಕೂದಲು ಮಲಗಿದ ದಿಕ್ಕಿಗೇ, ಟೇಪನ್ನ ಮೇಲಕ್ಕೆ ಕೀಳದೆ ಚರ್ಮವನ್ನ ಕೆಳಗೆ ಒತ್ತುತ್ತಾ ಬಿಡಿಸಬೇಕು. ಬ್ಯಾಂಡೇಜ್ ಕಿತ್ತ ಹಾಗೆ ಪರ್ ಅಂತ ಕಿತ್ತವರೇ ಆಮೇಲೆ ಮುಲಾಮು ಕೇಳಿಕೊಂಡು ಬರೋದು. ವಯಸ್ಸಾದವರ ಚರ್ಮ ಕಾಗದದಷ್ಟು ತೆಳ್ಳಗಿರುತ್ತೆ, ಅವರಿಗೆ ಬೇಡ.

ಕಾಫಿಪುಡಿ_ಕೊಪ್ಪ:
ಜೂನ್ ಜುಲೈಯಲ್ಲಿ ನಮ್ಮ ಕಡೆ ಟೇಪು ಹಾಕೋ ಮಾತೇ ಇಲ್ಲ. ಚರ್ಮವೇ ಒಣಗಲ್ಲ, ಟೇಪು ಎಲ್ಲಿ ನಿಲ್ಲುತ್ತೆ? ಹೋದ ಮಳೆಗಾಲದಲ್ಲಿ ನಮ್ಮ ಮನೆಯವರು ಸಂಜೆ ಗಂಬೂಟು ಬಿಚ್ಚಿದಾಗ ಟೇಪು ಬೂಟಿನೊಳಗೆ ಮುದ್ದೆಯಾಗಿತ್ತು. ಅದರ ಮೇಲೊಂದು ಇಂಬಳ.

ಇಂಬಳ:
ನಾನಲ್ಲ.

ಬ್ಲಾಕರ್_ಚಿಕ್ಕಮಗಳೂರು:
ಟೆಂಡನ್ ಬಗ್ಗೆ ನಾನು ಹೇಳ್ತೀನಿ, ಎರಡು ವರ್ಷ ಒದ್ದಾಡಿದ್ದೀನಿ. ವಾಲಿಬಾಲ್ ಆಡ್ತೀನಿ, ಬ್ಲಾಕಿಗೆ ಎಗರಿ ಎಗರಿ ಎಡಮಂಡಿ ಹೋಗಿತ್ತು. ಮೊದಲ ಹತ್ತು ನಿಮಿಷ ನೋವು, ಮೈ ಬಿಸಿಯಾದ ಮೇಲೆ ಮಾಯ, ಮಾರನೇ ಬೆಳಿಗ್ಗೆ ಮೆಟ್ಟಿಲಿಳಿಯೋಕೆ ಗೋಡೆ ಹಿಡೀಬೇಕು.

ಟೇಪಿನ ಹುಚ್ಚು ನನಗೆ ಹತ್ತಿದ್ದು ಟೀವಿಯಿಂದ. ಇದನ್ನ 1970ರ ದಶಕದಲ್ಲಿ ಶುರು ಮಾಡಿದ್ದು ಜಪಾನಿನ ಕೆಂಜೊ ಕಾಸೆ ಅನ್ನೋ ಕೈರೊಪ್ರಾಕ್ಟರ್, ಅಂದ್ರೆ ಬೆನ್ನುಮೂಳೆ ಕೀಲುಗಳನ್ನ ಕೈಯಲ್ಲೇ ಒತ್ತಿ ಚಿಕಿತ್ಸೆ ಕೊಡುವವ. ಲೋಕಕ್ಕೆಲ್ಲ ಗೊತ್ತಾಗಿದ್ದು 2008ರ ಬೀಜಿಂಗ್ ಒಲಿಂಪಿಕ್ಸಿನಲ್ಲಿ, ಬೀಚ್ ವಾಲಿಬಾಲಿನ ಕೆರಿ ವಾಲ್ಶ್ ಭುಜದ ಮೇಲೆ ಕಪ್ಪು ಟೇಪು ಹಾಕ್ಕೊಂಡು ಆಡಿದಾಗ. ಆಮೇಲೆ 2012ರ ಯೂರೊ ಫುಟ್‌ಬಾಲ್ ಸೆಮಿಫೈನಲ್. ಇಟಲಿಯ ಬಾಲೊಟೆಲ್ಲಿ ಜರ್ಮನಿ ಮೇಲೆ ಗೋಲು ಹೊಡೆದು ಅಂಗಿ ಬಿಚ್ಚಿ ನಿಂತಾಗ ಬೆನ್ನ ಮೇಲೆ ನೀಲಿ ಪಟ್ಟಿ. ಮರುವಾರ ನಮ್ಮ ಟೀಮಿನ ನಾಲ್ಕು ಜನ ಏನೂ ನೋವಿಲ್ಲದೆ ಟೇಪು ಹಾಕ್ಕೊಂಡು ಬಂದಿದ್ದರು.

ನಂಗೆ ಚಿಪ್ಪಿನ ಕೆಳಗೆ ಅಡ್ಡಕ್ಕೆ ಒಂದು ಪಟ್ಟಿ ಹಾಕ್ತಿದ್ದರು, ನಡುವೆ ಎಳೆತ ಜಾಸ್ತಿ, ತುದಿ ಸಡಿಲ. ಮ್ಯಾಚಿನ ದಿನ ಸ್ವಲ್ಪ ಸಹಾಯ ಆಗ್ತಿತ್ತು. ಆದ್ರೆ ಎರಡು ಸೀಸನ್ ಟೇಪಿನಲ್ಲೇ ಕಳೆದು ನೋವು ಇದ್ದಲ್ಲೇ ಇತ್ತು. ಬದಲಾಗಿದ್ದು ಭಾರ ಹಾಕೋಕೆ ಶುರು ಮಾಡಿದ ಮೇಲೆ. ಮೊದಲು ಬರೀ ಹಿಡಿದು ನಿಲ್ಲೋದು: ಗೋಡೆಗೆ ಬೆನ್ನು ಕೊಟ್ಟು ಕುರ್ಚಿ ಹಾಗೆ ಕೂತು 45 ಸೆಕೆಂಡು, ಎರಡು ನಿಮಿಷ ಬಿಡುವು, ಹೀಗೆ ಐದು ಸಲ. ಆಮೇಲೆ ಬಡಗಿ ಹತ್ತಿರ 25 ಡಿಗ್ರಿ ಓರೆಯ ಹಲಗೆ ಮಾಡಿಸಿದೆ. ಹಿಮ್ಮಡಿ ಎತ್ತರದ ಕಡೆ ಇಟ್ಟು ಅದರ ಮೇಲೆ ಒಂದೇ ಕಾಲಲ್ಲಿ ನಿಧಾನಕ್ಕೆ ಇಳಿಯೋದು, ಎರಡೂ ಕಾಲಲ್ಲಿ ಏಳೋದು. ಬಡಗಿ ಇದು ದೇವರ ಪೀಠಕ್ಕಾ ಅಂತ ಕೇಳಿದ್ದ.

12 ವಾರ. ಆರನೇ ವಾರ ಬಿಟ್ಟುಬಿಡೋಣ ಅನ್ನಿಸಿತ್ತು, ಬಿಡಲಿಲ್ಲ.

ಹಾಸನದ_ಫಿಸಿಯೊ:
ಚೆನ್ನಾಗಿ ಬರೆದಿದ್ದೀರಿ. ಎರಡು ಸೇರಿಸ್ತೀನಿ. 45 ಸೆಕೆಂಡಿನ ಹಿಡಿತದಿಂದ ತಕ್ಷಣ ನೋವು ಇಳಿಯುತ್ತೆ ಅಂತ 2015ರಲ್ಲಿ ಬಂದ ಅಧ್ಯಯನ ಸುದ್ದಿ ಮಾಡಿತ್ತು, ಅದರಲ್ಲೂ ವಾಲಿಬಾಲ್ ಆಟಗಾರರೇ ಇದ್ದದ್ದು. ಆಮೇಲಿನವುಗಳಲ್ಲಿ ಅಷ್ಟು ದೊಡ್ಡ ಫಲ ಕಾಣಲಿಲ್ಲ. ಆದರೂ ಶುರು ಮಾಡೋಕೆ ಒಳ್ಳೆಯ ದಾರಿ. ವ್ಯಾಯಾಮ ಮಾಡುವಾಗ ಹತ್ತಕ್ಕೆ ಮೂರು ನಾಲ್ಕರಷ್ಟು ನೋವು ಬಂದರೆ ಹೆದರಬೇಡಿ. ಮಾರನೇ ಬೆಳಿಗ್ಗೆ ಅದು ಮೊದಲಿನ ಮಟ್ಟಕ್ಕೆ ಇಳಿದಿರಬೇಕು, ಇಳಿಯದಿದ್ದರೆ ಭಾರ ಕಡಿಮೆ ಮಾಡಿ.

ಮೆಣಸಿನವರೇ, ನೀವು ಓರೆ ಹಲಗೆಗೆ ಈಗಲೇ ಹೋಗಬೇಡಿ. ಗೋಡೆ ಕುರ್ಚಿ ಮಾಡಬಹುದು, ಅದರಲ್ಲಿ ಮಂಡಿ ಏನಕ್ಕೂ ಒತ್ತಲ್ಲ.

ಪಟ್ಟಣದ_ಮಗಳು:
ನಾನು ಚನ್ನರಾಯಪಟ್ಟಣದಿಂದ. ಮಧ್ಯೆ ಬಾಯಿ ಹಾಕ್ತಿದ್ದೀನಿ, ಕ್ಷಮಿಸಿ. ನಮ್ಮ ಅಮ್ಮನಿಗೆ 58, ಶುಗರ್ ಇದೆ, ಸ್ವಲ್ಪ ದಪ್ಪ. ಹರಕೆ ಇತ್ತು ಅಂತ ಶ್ರವಣಬೆಳಗೊಳದ ದೊಡ್ಡಬೆಟ್ಟ ಬರಿಗಾಲಲ್ಲಿ ಹತ್ತಿದರು. ಆರುನೂರಕ್ಕೂ ಮೇಲೆ ಮೆಟ್ಟಿಲು. ಡೋಲಿ ಮಾಡೋಣ ಅಂದ್ರೆ ಗೊಮ್ಮಟನ ಮುಂದೆ ಹೊರಿಸಿಕೊಂಡು ಹೋಗೋದಾ ಅಂತ ಬೈದರು. ಹತ್ತುವಾಗ ಏನೂ ಆಗಲಿಲ್ಲ. ಇಳಿದ ರಾತ್ರಿಯಿಂದ ಮಂಡಿಯ ಒಳಮಗ್ಗುಲು, ಕೀಲಿಗಿಂತ ಮೂರು ಬೆರಳು ಕೆಳಗೆ, ಮುಟ್ಟೋಕೆ ಬಿಡಲ್ಲ. ಮಲಗಿದಾಗ ಎರಡು ಮಂಡಿ ತಾಗಿದರೆ ಎಚ್ಚರ ಆಗ್ತಾರೆ. ಪಕ್ಕದ ಮನೆಯವರು ಇದೇ ಟೇಪು ಹಾಕಿ ಅಂತಿದ್ದಾರೆ.

ಹಾಸನದ_ಫಿಸಿಯೊ:
ನೀವು ಹೇಳಿದ ಜಾಗದಲ್ಲಿ ತೊಡೆಯಿಂದ ಇಳಿಯುವ ಮೂರು ಟೆಂಡನ್‌ಗಳು ಒಟ್ಟಾಗಿ ಎಲುಬಿಗೆ ಅಂಟುತ್ತವೆ. ಮೂರು ಬೆರಳಿನ ಹಾಗೆ ಹರಡಿಕೊಂಡಿರೋದರಿಂದ ಲ್ಯಾಟಿನಿನಲ್ಲಿ ಹೆಬ್ಬಾತಿನ ಪಾದ ಅಂತ ಹೆಸರು, ಪೆಸ್ ಆನ್ಸರೈನಸ್. ಅದರಡಿಯ ಬರ್ಸಾ ಕೆರಳಿದ್ದಿರಬಹುದು. ಮಧ್ಯವಯಸ್ಸು ದಾಟಿದ, ತೂಕ, ಶುಗರ್, ಮಂಡಿಸವೆತ ಇರುವ ಹೆಂಗಸರಲ್ಲಿ ಹೆಚ್ಚು. ರಾತ್ರಿ ಎರಡು ಮಂಡಿ ನಡುವೆ ಮೆತ್ತನೆಯ ದಿಂಬು ಇಡಿ, ಇವತ್ತೇ ನಿದ್ದೆ ಬರುತ್ತೆ. ಟೇಪು ನಿಮ್ಮ ಅಮ್ಮನಿಗೆ ನಾನು ಹಾಕಲ್ಲ. ಶುಗರಿನಿಂದ ಕಾಲಿನ ಸ್ಪರ್ಶ ಕಡಿಮೆಯಾಗಿದ್ದರೆ ಟೇಪಿನಡಿ ಚರ್ಮ ಕಿತ್ತರೂ ಗೊತ್ತಾಗಲ್ಲ. ಇದರ ಜೊತೆಗೆ ಮೀನಖಂಡ ಊದಿ ಬಿಗಿದು ನೋಯುತ್ತಿದ್ದರೆ ತಡ ಮಾಡಬೇಡಿ, ರಕ್ತ ಹೆಪ್ಪುಗಟ್ಟಿಲ್ಲ ಅಂತ ನೋಡಿಸಬೇಕು.

ಪಟ್ಟಣದ_ಮಗಳು:
ಮೀನಖಂಡ ಸರಿ ಇದೆ. ದಿಂಬು ಇಟ್ಟೆ, ನಿನ್ನೆ ರಾತ್ರಿ ಒಂದೇ ಸಲ ಎದ್ದರು. ಸೋಮವಾರ ಮೂಳೆ ಡಾಕ್ಟರಿಗೆ ತೋರಿಸ್ತೀವಿ. ಮುಂದಿನ ಸಲ ಡೋಲಿ ಅಂತ ಅವರೇ ಒಪ್ಪಿದ್ದಾರೆ.

ಟೈಲ್ಸ್_ಕೆಲಸದವ:
ಮೆಣಸಿನ ಅಣ್ಣ, ಏಣಿಗೆ ಏನು ಮಾಡಿದ್ರಿ? ನಾನು ಈಗ ನೀ ಪ್ಯಾಡ್ ಕಟ್ದೆ ಕೆಲಸಕ್ಕೆ ಕೂರಲ್ಲ. ಮೊದಲು ಸಿಮೆಂಟ್ ಚೀಲ ಮಡಚಿ ಹಾಕ್ತಿದ್ದೆ, ಅದು ಜಾರುತ್ತೆ.

ಮೂಡಿಗೆರೆ_ಮೆಣಸು:
ಮೂರು ವಾರ ಆಯ್ತು, ಕೇಳಿದ್ದಕ್ಕೆ ವರದಿ ಒಪ್ಪಿಸ್ತೀನಿ. ಉಳಿದ ಮೆಣಸನ್ನ ಎನ್.ಆರ್. ಪುರ ಕಡೆಯ ಇಬ್ಬರು ಬಂದು ಕೊಯ್ದರು, ಕೂಲಿ ಕೇಳಿದ್ರೆ ಮಂಡಿ ಬೇರೆ ತರ ನೋಯುತ್ತೆ. ಏಣಿಯ ಮೇಲಿನ ಆರು ಮೆಟ್ಟಿಲಿಗೆ ಹಳೇ ಹಾಸಿಗೆಯ ಸ್ಪಂಜು ಸುತ್ತಿ, ಅದರ ಮೇಲೆ ಟ್ರ್ಯಾಕ್ಟರ್ ಟ್ಯೂಬ್ ಕತ್ತರಿಸಿ ಬಿಗಿದಿದ್ದೇನೆ. ಬಂದವರು ಮೊದಲ ದಿನ ನಕ್ಕರು. ಎರಡನೇ ದಿನ ತಮ್ಮ ಏಣಿಗೂ ಟ್ಯೂಬ್ ಇದೆಯಾ ಅಂತ ಕೇಳಿದರು.

ಊತ ನಿಂಬೆಹಣ್ಣಿಂದ ಅಡಿಕೆ ಗಾತ್ರಕ್ಕೆ ಇಳಿದಿದೆ. ಡಾಕ್ಟರು ಮತ್ತೆ ನೋಡಿ, ಇಳೀತಾ ಇದೆ, ಸೂಜಿ ಹಾಕೋದು ಬೇಡ ಅಂದರು. ಟೇಪನ್ನ ಇನ್ನೊಂದು ಸಲ ಹಾಕಿಸಿದೆ, ಹಾಸನಕ್ಕೆ ಹೋಗಿ, ತುದಿ ಎಳೆಯದೆ. ಗುಳ್ಳೆ ಬರಲಿಲ್ಲ. ಹಾಯೂ ಮೊದಲಿನಷ್ಟು ಆಗಲಿಲ್ಲ, ಯಾಕಂದ್ರೆ ಆಗ ಮಾತ್ರೆ ಇತ್ತು, ಈಗಿಲ್ಲ. ನನ್ನ ಮೊದಲ ಪ್ರಶ್ನೆಗೆ ನನಗೇ ಉತ್ತರ ಸಿಕ್ತು ಅನ್ಕೊಳ್ತೀನಿ.

ಗೋಡೆ ಕುರ್ಚಿ ದಿನಾ ಮಾಡ್ತಿದ್ದೇನೆ. 45 ಸೆಕೆಂಡು ಅಷ್ಟು ಉದ್ದ ಅಂತ ಗೊತ್ತಿರಲಿಲ್ಲ, ತೊಡೆ ನಡುಗುತ್ತೆ, ಮಗಳು ಪಕ್ಕದಲ್ಲಿ ನಿಂತು ಎಣಿಸ್ತಾಳೆ, ನಲವತ್ತಾದ ಮೇಲೆ ಬೇಕಂತಲೇ ನಿಧಾನ ಮಾಡ್ತಾಳೆ. ಸೂಜಿ ನೋವು ಹೋಗಿಲ್ಲ. ಹೂಮಳೆ ಬಂದು ಎಂಟು ಹತ್ತು ದಿನಕ್ಕೆ, ಕಾಫಿ ಹೂ ಬಿಟ್ಟಾಗ, ತೋಟ ನೋಡೋಕೆ ಕೆಳಗಿನ ಪಟ್ಟೆಯವರೆಗೆ ಇಳಿದೆ, ಮುಂಚೆ ಎರಡು ಕಡೆ ನಿಲ್ಲಬೇಕಿತ್ತು, ಈ ಸಲ ಒಂದು ಕಡೆ ನಿಂತೆ. ಹೂವು ನೋಡೋಕೆ ನಿಂತದ್ದನ್ನ ಲೆಕ್ಕಕ್ಕೆ ಹಿಡಿದಿಲ್ಲ.

ಬ್ಲಾಕರ್_ಚಿಕ್ಕಮಗಳೂರು:
ಆರನೇ ವಾರ ಬಿಡಬೇಡಿ.

ಔಷಧಿ_ಅಂಗಡಿ_ಕಡೂರು:
ಉಳಿದ ಸುರುಳಿ ಬಿಸಿಲಿಗೆ ಇಡಬೇಡಿ, ಅಂಟು ಹಾಳಾಗುತ್ತೆ.

ಮೂಡಿಗೆರೆ_ಮೆಣಸು:
ಉಳಿದದ್ದನ್ನ ನಮ್ಮನೆಯವಳು ಗಿಡ ಕಸಿ ಮಾಡೋ ಕತ್ತರಿಯ ಹಿಡಿಗೆ ಸುತ್ತಿಬಿಟ್ಟಿದ್ದಾಳೆ. ಕೈ ಜಾರಲ್ವಂತೆ. ಒಂಬತ್ತು ದಿನ ಆಯ್ತು, ಇನ್ನೂ ಒಂದು ತುದಿ ಎದ್ದಿಲ್ಲ.

ಇಂಬಳ:
ಎಷ್ಟು ಶೇಕಡ ಎಳೆದು ಸುತ್ತಿದ್ದಾರೆ ಕೇಳಿ ಹೇಳಿ.